ದೋಣಿಗೆ ಬಂದ ಮುಯ್ಯಿ

ಪ್ರಣೀತಾಗೆ ಸಂಬಳ ಬರುವುದು ಅಮೆರಿಕದ ಜರ್ಸಿ ಸಿಟಿಯ ಹಣಕಾಸು ಕಂಪನಿಯೊಂದರಿಂದ. ಆದರೆ ಏನು ಕೆಲಸ ಎಂದು ಕೇಳಿದರೆ ಅವಳು ಗೇಮ್ ಮಾಡುವವಳು ಎನ್ನುತ್ತಾಳೆ. ಸೀಕಾಕಸ್‌ನಲ್ಲಿ ರೈಲು ಬದಲಿಸುವಾಗ ಕಾಣುವ ಜೊಂಡು ಬೆಳೆದ ಜವುಗಿನಲ್ಲಿ ಒಂಟಿ ದೋಣಿ ನಡೆಸುವ ಗೇಮ್ ಅದು. ಚಿತ್ರ, ಸದ್ದು, ಕೋಡ್ ಎಲ್ಲವೂ ಅವಳದೇ. ಅರ್ಧ ಮುಗಿದಿರುವಾಗಲೇ ಅದನ್ನು ಒಂದು ಆನ್‌ಲೈನ್ ಅಂಗಡಿಯಲ್ಲಿ ಉಚಿತವಾಗಿ ಇಟ್ಟಳು. ಆಡಿದವರು ತಪ್ಪು ಹೇಳಿದರೆ ತಿದ್ದಿಕೊಳ್ಳಬಹುದು ಎಂಬುದು ಅವಳ ಲೆಕ್ಕ.

ಜನ ಹೇಳಿದರು. ‘ಇದು ದೋಣಿಯೋ ಹೂತುಹೋದ ಲಾರಿಯೋ?’ ‘ಮಾಡಿದವರು ನೀರನ್ನೇ ನೋಡಿಲ್ಲ.’ ‘ನನ್ನ ಸಂಜೆ ಹಾಳಾಯಿತು.’ ನಿಧಾನವೇ ಈ ಆಟದ ರುಚಿ ಎಂದು ಅವಳು ಒಬ್ಬೊಬ್ಬರಿಗೂ ಉತ್ತರ ಬರೆದಳು. ಅವರು ಇನ್ನಷ್ಟು ಆಡಿಕೊಂಡರು.

ಭಾನುವಾರ ಓಲ್ಡ್ ಬ್ರಿಡ್ಜ್ ಊರಿನ ಅಪ್ಪ-ಅಮ್ಮನ ಮನೆಯಲ್ಲಿ ಊಟಕ್ಕೆ ಕುಳಿತಾಗ ಇದನ್ನು ಹೇಳಿಕೊಂಡಳು. ತಂದೆ ಶಿವರಾಮ್ ಊಟವಾದ ಮೇಲೆ ಕನ್ನಡ ಕುಟುಂಬಗಳ ವಾಟ್ಸಾಪ್ ಗುಂಪಿಗೆ ಬರೆದರು: ‘ನಮ್ಮ ಮಗಳ ಗೇಮಿಗೆ ಎಲ್ಲರೂ ನಾಲ್ಕು ಒಳ್ಳೆ ಮಾತು ಹಾಕಿ.’

ಶಿವರಾಮ್ ಯಾರ ಮನೆಯ ಗೃಹಪ್ರವೇಶವನ್ನೂ ನಾಮಕರಣವನ್ನೂ ತಪ್ಪಿಸಿದವರಲ್ಲ. ಅದೇ ಗುಂಪಿನ ಅಣ್ಣಪ್ಪನವರ ಮೋಟೆಲಿನಲ್ಲಿ ಒಂದು ರಾತ್ರಿಯೂ ತಂಗದೆ, ಅದಕ್ಕೆ ಆನ್‌ಲೈನ್‌ನಲ್ಲಿ ಹೊಗಳಿಕೆ ಬರೆದವರು. ಈಗ ಆ ಮುಯ್ಯಿ ತಿರುಗಿ ಬಂತು. ‘ಅದ್ಭುತ ಗೇಮ್, ದೇವರು ಒಳ್ಳೆಯದು ಮಾಡಲಿ.’ ‘ಹುಡುಗಿ ಒಳ್ಳೆಯವಳು, ಮನೆತನವೂ ಒಳ್ಳೆಯದು.’ ಎಷ್ಟು ಹೊತ್ತು ಆಡಿದ್ದಾರೆಂದು ಪ್ರತಿ ಅಭಿಪ್ರಾಯದ ಪಕ್ಕದಲ್ಲಿ ಅಂಗಡಿ ತೋರಿಸುತ್ತದೆ. ಅಷ್ಟೂ ಜನ ಆಡಿದ್ದು ಐದೇ ನಿಮಿಷ, ಬರೆಯಲು ಬೇಕಾದಷ್ಟು ಮಾತ್ರ.

ಹಳೆಯ ಆಟಗಾರರು ಅದನ್ನು ಹಿಡಿದರು. ‘ಕಾಸು ಕೊಟ್ಟು ಬರೆಸಿದ್ದಾಳೆ, ಮೋಸಗಾತಿ’ ಎಂದು ಎಲ್ಲೆಡೆ ಹಾಕಿದರು. ಸುಳ್ಳು ಅಭಿಪ್ರಾಯಗಳು ಶುಕ್ರವಾರದೊಳಗೆ ಹೋಗದಿದ್ದರೆ ಗೇಮನ್ನೇ ತೆಗೆದುಹಾಕುತ್ತೇವೆ ಎಂದು ಅಂಗಡಿಯಿಂದ ನೋಟಿಸ್ ಬಂತು. ಪ್ರಣೀತಾ ನೇರ ಅಪ್ಪನ ಮನೆಗೆ ಬಂದಳು.

“ಅಪ್ಪ, ದಿಸ್ ಈಸ್ ಚೀಟಿಂಗ್. ಎಲ್ಲರಿಗೂ ಡಿಲೀಟ್ ಮಾಡಕ್ಕೆ ಹೇಳಿ.”

“ಹಾಕಿದ ಮುಯ್ಯಿನ ವಾಪಸ್ ತಗೊಂಡು ಹೋಗಿ ಅಂತ ಹೇಳಕ್ಕಾಗತ್ತೇನೇ? ನಾಳೆ ಯಾವ ಮುಖ ಇಟ್ಕೊಂಡು ಅವರ ಮನೆಗೆ ಹೋಗ್ಲಿ?”

“ಅವರು ಗೇಮ್ ಆಡೇ ಇಲ್ಲ!”

“ನಿನ್ನ ಗೇಮಿಗಲ್ಲ ಕಣೇ, ನನ್ನ ಮುಖ ನೋಡಿ ಬರೆದಿದ್ದು.”

“ಎಕ್ಸಾಕ್ಟ್ಲಿ!”

ತಾಯಿ ಕಲಾ ಇಬ್ಬರಿಗೂ ಬಾಯಿ ಮುಚ್ಚಲು ಹೇಳಿ, ನೆರೆಯವರಿಗೆ ಕೇಳಿಸದಂತೆ ಬಾಗಿಲು ಹಾಕಿದರು. ಪ್ರಣೀತಾ ಅಪ್ಪನನ್ನು ಕೇಳದೆ ತಾನೇ ಗುಂಪಿಗೆ ಬರೆದಳು: ‘ಆಡದೆ ಬರೆದವರು ದಯವಿಟ್ಟು ಅಳಿಸಿ. ಇಲ್ಲದಿದ್ದರೆ ನನ್ನ ಗೇಮ್ ಹೋಗುತ್ತದೆ.’

ಮೊದಲು ಬಂದ ಫೋನ್ ಅಣ್ಣಪ್ಪನವರದು. “ಏನಮ್ಮಾ, ನಮ್ಮನ್ನೆಲ್ಲ ಸುಳ್ಳರು ಅಂತ ಸಾರ್ತಿದ್ದೀಯಾ? ಉಪಕಾರ ಮಾಡಿದ್ದಕ್ಕೆ ಇದಾ?”

“ಸಾರಿ ಅಂಕಲ್, ಆದ್ರೆ ನೀವು ಆಡಿಲ್ಲವಲ್ಲ.”

“ಆಡಿ ನೋಡೇ ಬರೀತೀನಿ ಬಿಡು.”

ಸಿಟ್ಟಿಗೆ ಒಬ್ಬೊಬ್ಬರೇ ಅಳಿಸಿದರು. ಕೆಲವರು ಗುಂಪನ್ನೇ ಬಿಟ್ಟರು. ತಮ್ಮ ಮಗನ ಉಪನಯನಕ್ಕೆ ಕರೆದಿದ್ದವರೊಬ್ಬರು ‘ಜಾಗ ಸಾಲದು’ ಎಂದು ಶಿವರಾಮ್‌ಗೆ ತಿಳಿಸಿದರು. ಶುಕ್ರವಾರದ ಹೊತ್ತಿಗೆ ಹೊಗಳಿಕೆ ಒಂದೂ ಉಳಿಯಲಿಲ್ಲ. ಗೇಮ್ ಉಳಿಯಿತು, ಅದರ ಹೆಸರಿನ ಕೆಳಗೆ ‘ಬಹುಪಾಲು ಟೀಕೆ’ ಎಂಬ ಕೆಂಪು ಅಕ್ಷರಗಳೊಂದಿಗೆ.

ಅಣ್ಣಪ್ಪನವರ ಹೊಸ ಅಭಿಪ್ರಾಯ ಎಲ್ಲಕ್ಕಿಂತ ಮೇಲಿತ್ತು. ಆಡಿದ್ದು ಎರಡು ಗಂಟೆ. ‘ದರಿದ್ರ ಗೇಮ್. ಎಡಕ್ಕೆ ತಿರುಗಿಸಿದರೆ ದೋಣಿ ಸೇತುವೆಯ ಕಂಬಕ್ಕೆ ಅಂಟಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ದಾರಿಯೇ ಇಲ್ಲ. ಯಾರೂ ಆಡಬೇಡಿ.’

ಶಿವರಾಮ್ ಅದನ್ನು ಓದಿ ಮಗಳಿಗೆ ಫೋನ್ ಮಾಡಿದರು. “ನೋಡಿದ್ಯಾ? ಬೇಕಂತಲೇ ಬರೆದಿದ್ದಾನೆ. ಇದನ್ನೂ ತೆಗೆಸು.”

“ಇಲ್ಲಪ್ಪ. ಅಂಕಲ್ ಆಡಿದ್ದಾರೆ. ಇದು ಇರಲಿ.”

“ಇರಲಿ? ನನ್ನ ಮರ್ಯಾದೆ?”

ಅವರು ಫೋನ್ ಇಟ್ಟರು. ಪ್ರಣೀತಾ ಗೇಮ್ ತೆರೆದು ದೋಣಿಯನ್ನು ಸೇತುವೆಯ ಕೆಳಗೆ ತಂದು ಎಡಕ್ಕೆ ತಿರುಗಿಸಿದಳು. ಅದು ಕಂಬಕ್ಕೆ ಅಂಟಿಕೊಂಡಿತು.