ಒಂದೇ ಬೀಗಕ್ಕೆ ಐದು ಕೈ

ಬೀಗ ರಿಪೇರಿಯವನ ಎದೆಬಡಿತ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ನಿಂತಿತು. ಜಾಗ ಅನುಕೂಲದ್ದೇ, ಆದರೂ ಬಡಿತವನ್ನು ಮತ್ತೆ ಶುರುಮಾಡಲು ಏಳು ನಿಮಿಷ ಹಿಡಿಯಿತು. ಎರಡು ದಿನ ಮಂಪರಿನಲ್ಲಿದ್ದ. ಮೂರನೆಯ ದಿನ ಎದ್ದು ತಿಂಡಿ ತಿಂದ. ಅರ್ಧ ಗಂಟೆಗೆ ತಿಂಡಿ ಎಲ್ಲಿ ಎಂದ.

ಡಾಕ್ಟರು ಅವನ ಭಾಷೆಯಲ್ಲೇ ಹೇಳಿದರು. "ಮಿದುಳಲ್ಲಿ ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸೋದು ಗ್ಲುಟಮೇಟ್‌ನಿಂದ. ರಿಸೆಪ್ಟರ್ ಅನ್ನೋದು ಬಾಗಿಲು. ಗ್ಲುಟಮೇಟ್ ತಾಗಿದ್ರೆ ತೆರೆಯುತ್ತೆ, ಕ್ಯಾಲ್ಸಿಯಂ ಒಳಗೆ ಹೋಗುತ್ತೆ. ರಕ್ತ ನಿಂತಾಗ ಗ್ಲುಟಮೇಟ್ ಚೆಲ್ಲಿಹೋಯ್ತು, ಬಾಗಿಲು ಮುಚ್ಚಲೇ ಇಲ್ಲ. ಕ್ಯಾಲ್ಸಿಯಂ ಮಿತಿಮೀರಿ ನುಗ್ಗಿದ್ರೆ ಕೋಶ ಸಾಯುತ್ತೆ. ಹೊಸದನ್ನ ನೆನಪಿಡೋ ಕೋಶಗಳಲ್ಲಿ ಈ ಬಾಗಿಲು ಜಾಸ್ತಿ. ಮೊದಲು ಸತ್ತಿದ್ದು ಅವೇ."

"ಬೀಗ ಜಡಿಯೋಕಾಗಲ್ವಾ ಡಾಕ್ಟ್ರೇ?"

"ಔಷಧಿ ಹುಡುಕಿ ನೋಡಿದಾರೆ. ಆದ್ರೆ ನೆನಪು ಒಳಗೆ ಹೋಗೋದೂ ಅದೇ ಬಾಗಿಲಲ್ಲಿ."

"ಕಟ್ಟಿದ ಮೇಸ್ತ್ರಿದೇ ತಪ್ಪು," ಎಂದ. ಹತ್ತು ನಿಮಿಷ ಬಿಟ್ಟು ಬೀಗ ಜಡಿಯುವ ಪ್ರಶ್ನೆಯನ್ನೇ ಮತ್ತೆ ಕೇಳಿದ.

ಇಪ್ಪತ್ತಾರು ವರ್ಷದ ಕೈಕೆಲಸಕ್ಕೆ ಏನೂ ಆಗಿರಲಿಲ್ಲ. ಅಂಗಡಿ ತೆರೆಯಿತು. ಒಂದು ದಿನ ಅದೇ ಬೀದಿಯ ಟೀಚರಮ್ಮ ತಮ್ಮ ಮನೆಯ ಮುಂಬಾಗಿಲಿನ ಕೀ ಕೊಟ್ಟು ಒಂದು ನಕಲು ಹೇಳಿ ಹೋದರು. ಹೆಂಡತಿ ನೀರು ತರಲು ಹೋಗಿದ್ದಳು. ಅವನು ಕೊರೆದ, ಪಕ್ಕಕ್ಕಿಟ್ಟ, ತಲೆ ಎತ್ತಿದ. ಕೀ ಕೊರೆಯುವ ಮಷೀನಿನ ಹಿಡಿಯಲ್ಲಿ ಕಚ್ಚಿಸಿದ್ದ ಅಸಲು ಕೀ ಕಂಡಿತು, ಮತ್ತೆ ಕೊರೆದ. ಟೀಚರಮ್ಮ ಬಂದಾಗ ಮೇಜಿನ ಮೇಲೆ ಐದು ನಕಲುಗಳಿದ್ದವು.

"ಉಳಿದ ನಾಲ್ಕು ಯಾರಿಗೆ?"

ಆ ಕಸುಬಿನಲ್ಲಿ ಇದಕ್ಕಿಂತ ಕೆಟ್ಟ ಪ್ರಶ್ನೆಯಿಲ್ಲ.

"ಶನಿವಾರ ಬರ್ತೀನಿ," ಎಂದರು ಟೀಚರಮ್ಮ. "ಮತ್ತೆ ಹಿಂಗೇ ಆದ್ರೆ ಬೀದಿಗೆಲ್ಲ ಹೇಳಬೇಕಾಗುತ್ತೆ."

ಹೆಂಡತಿ ನಾಲ್ಕನ್ನೂ ಅರದಿಂದ ಉಜ್ಜಿ ಹಾಳುಮಾಡಿದಳು. "ಕಳ್ಳರ ಸಂಘಕ್ಕೆ ಹಂಚೋಕಾ?"

"ನಾನು ಕೊರೆದಿದ್ದು ಒಂದೇ ಕಣೇ." ಅವನಿಗೆ ತಿಳಿದಮಟ್ಟಿಗೆ ಅದು ನಿಜ.

ಅವಳು ಎರಡು ದಿನ ಅವನ ಕೈಯನ್ನೇ ನೋಡುತ್ತ ಕೂತಳು. ಹಿಡಿಯಲ್ಲಿ ಕೀ ಇದ್ದರೆ ಕೊರೆಯುತ್ತಾನೆ, ಇಲ್ಲದಿದ್ದರೆ ಇಲ್ಲ. ಅಷ್ಟೇ. ಅಂದಿನಿಂದ ಮಷೀನಿನ ಸದ್ದು ನಿಂತ ಕೂಡಲೇ ಅಸಲನ್ನು ಬಿಚ್ಚಿ ತನ್ನ ಮುಷ್ಟಿಗೆ ತೆಗೆದುಕೊಳ್ಳತೊಡಗಿದಳು.

ಶನಿವಾರ ಟೀಚರಮ್ಮ ಅದೇ ಕೀ ಕೊಟ್ಟು ಕೈಕಟ್ಟಿ ನಿಂತರು. ಅವನು ಕೊರೆದ. ಸದ್ದು ನಿಂತಿತು. ಹೆಂಡತಿ ಅಸಲು, ನಕಲು ಎರಡನ್ನೂ ಎತ್ತಿಕೊಂಡಳು. ಅವನು ಖಾಲಿ ಹಿಡಿಯನ್ನು ನೋಡಿ, ಲೋಹದ ಪುಡಿ ಊದಿ, ಕುರ್ಚಿಗೆ ಒರಗಿದ. ಅರ್ಧ ಗಂಟೆಯಾದರೂ ಮಷೀನು ಮುಟ್ಟಲಿಲ್ಲ. ಕೊನೆಗೆ, "ಅಮ್ಮಾವ್ರೇ, ಆಗ್ಲಿಂದ ನಿಂತಿದೀರಾ? ಏನಾಗ್ಬೇಕಿತ್ತು?" ಎಂದ.

ಟೀಚರಮ್ಮ ಒಂದು ಕ್ಷಣ ಅವನ ಹೆಂಡತಿಯ ಮುಖ ನೋಡಿದರು. ಆಮೇಲೆ ಪರ್ಸು ತೆರೆದು ಹಿಂಬಾಗಿಲಿನ ಕೀ ತೆಗೆದರು.

"ಇದಕ್ಕೂ ಒಂದು."