ಇಬ್ಬರಿಗೆ ಒಂದು ಚಾಪೆ ಜಾಗ

ಹಿತ್ತಲಿನ ಬಾಡಿಗೆ ರೂಮುಗಳನ್ನು ಕೆಡವಿಸುವ ಮುಂಚೆ ಒಂದು ಸಲ ಗುಡಿಸಿಬಿಡೋಣವೆಂದು ಹೋದೆ. ಮೂರನೇ ರೂಮಿನ ನೆಲದ ಮೇಲೆ ಕೆಂಪು ಗೆರೆಗಳು ಕಂಡವು. ಫ್ಯಾಕ್ಟರಿಯಿಂದ ತಂದ ಪೇಂಟಿನಲ್ಲಿ ಎಳೆದವು. ನಾಲ್ಕು ಪಟ್ಟಿ, ಒಂದೊಂದೂ ಒಂದು ಚಾಪೆಯಗಲ. ಕಿಟಕಿ ಪಕ್ಕದ ಪಟ್ಟಿ ಯಾರದೆಂದು ನನಗೆ ಚೆನ್ನಾಗಿ ನೆನಪಿತ್ತು. ಪೊರಕೆ ಹಿಡಿದುಕೊಂಡೇ ಅಲ್ಲಿ ಕೂತುಬಿಟ್ಟೆ…

ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ನಮ್ಮ ಹೊಲದ ಮುಕ್ಕಾಲು ಪಾಲು ಹೋದ ಮೇಲೆ ಅಪ್ಪ ಉಳಿದ ಜಾಗದಲ್ಲಿ ಸಾಲಾಗಿ ಆರು ರೂಮು ಕಟ್ಟಿಸಿದ್ದ. ಮೇಲೆ ಶೀಟು, ಆರಕ್ಕೂ ಸೇರಿ ಒಂದು ನಲ್ಲಿ, ಒಂದು ಕಕ್ಕಸು. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ನೆತ್ತಿ ಸುಡುತ್ತಿತ್ತು. "ಕೂಲಿಯೋರ್ಗೆ ಇಷ್ಟು ಸಾಲ್ದಾ?" ಅನ್ನುತ್ತಿದ್ದ ಅಪ್ಪ. ಸಾಕೆಂದೇ ನಾನೂ ತಿಳಿದಿದ್ದೆ, ಸುಳ್ಳೇಕೆ ಹೇಳಲಿ.

ಮೂರನೇ ರೂಮಿನಲ್ಲಿ ಎಂಟು ಜನ ಇದ್ದರು, ಚಾಪೆ ನಾಲ್ಕೇ. ನಾಲ್ವರಿಗೆ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಕೆಲಸ, ಇನ್ನು ನಾಲ್ವರಿಗೆ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ಒಬ್ಬ ಎದ್ದು ಹೋದ ಜಾಗಕ್ಕೆ ಇನ್ನೊಬ್ಬ ಬಂದು ಮಲಗುವುದು. ಕಿಟಕಿ ಪಕ್ಕದ ಜಾಗ ಒಡಿಶಾದ ಅಣ್ಣತಮ್ಮಂದಿರದು. ಅಣ್ಣನಿಗೆ ಹಗಲು ಪಾಳಿ, ತಮ್ಮನಿಗೆ ರಾತ್ರಿ ಪಾಳಿ. ಚಂಡಮಾರುತದಲ್ಲಿ ಮನೆಮಠ, ಅಪ್ಪ ಅಮ್ಮ ಎಲ್ಲ ಹೋಗಿ ಇಬ್ಬರೇ ಉಳಿದವರು ಎಂದು ರೂಮಿನವರು ಹೇಳುತ್ತಿದ್ದರು.

ಅಣ್ಣನಿಗೆ ಬರುತ್ತಿದ್ದ ಕನ್ನಡ ಹತ್ತು ಹದಿನೈದು ಮಾತು. ನನಗಿಂತ ಏಳೆಂಟು ವರ್ಷ ದೊಡ್ಡವನು, ಆದರೂ ನನ್ನನ್ನು ಅಕ್ಕ ಅನ್ನುತ್ತಿದ್ದ. ಬೆಳಿಗ್ಗೆ ಏಳೂವರೆಗೆ ಎದುರಾದರೂ "ಊಟ ಆಯ್ತಾ ಅಕ್ಕಾ?" ಅಂತಲೇ ಕೇಳುವುದು. ಆಯ್ತಪ್ಪ ಅಂದರೆ ಮುಖ ಅರಳುತ್ತಿತ್ತು. ನಸುಕಿನಲ್ಲೇ ಅನ್ನ ಸಾರು ಮಾಡಿ, ತಮ್ಮನ ಪಾಲನ್ನು ತಟ್ಟೆ ಮುಚ್ಚಿಟ್ಟು ಹೊರಡುತ್ತಿದ್ದ.

ನಾನು ಕನಕಪುರದ ಕಾಲೇಜಿಗೆ ಹೋಗುತ್ತಿದ್ದೆ. ಬಸ್ ಸ್ಟಾಪು ಫ್ಯಾಕ್ಟರಿ ಗೇಟಿನ ಎದುರೇ. ದಿನಾ ಅಲ್ಲಿ ಅಣ್ಣ ಒಳಗೆ ಹೋಗುವುದನ್ನೂ ತಮ್ಮ ಹೊರಗೆ ಬರುವುದನ್ನೂ ನೋಡುತ್ತಿದ್ದೆ. ಒಂದೆರಡು ನಿಮಿಷ ನಿಲ್ಲುತ್ತಿದ್ದರು. ಅಣ್ಣ ತಮ್ಮನ ತಲೆಯ ಮೇಲಿನ ಧೂಳು ಕೊಡವುತ್ತಿದ್ದ, ಏನೋ ಹೇಳುತ್ತಿದ್ದ, ಅಷ್ಟರಲ್ಲಿ ಸೆಕ್ಯೂರಿಟಿಯವನು ಕೂಗುತ್ತಿದ್ದ. ಒಂದೇ ಚಾಪೆಯ ಮೇಲೆ ಮಲಗುವವರು ದಿನಕ್ಕೆ ಎರಡು ಸಲ ಗೇಟಿನಲ್ಲಿ ಮುಖ ನೋಡಿಕೊಳ್ಳಬೇಕು…

ಆ ಫ್ಯಾಕ್ಟರಿಗೆ ಆಳು ಒದಗಿಸುವ ಕಂಟ್ರಾಕ್ಟರು ನಮ್ಮ ಚಿಕ್ಕಪ್ಪನೇ. ಒಂದು ಭಾನುವಾರ ಊಟಕ್ಕೆ ಬಂದವನಿಗೆ ಮುದ್ದೆ ಬಡಿಸುತ್ತಾ ಹೇಳಿದೆ, ಪಾಪ, ಅವರಿಬ್ಬರನ್ನೂ ಒಂದೇ ಪಾಳಿಗೆ ಹಾಕು ಅಂತ. "ಅದೇನ್ ದೊಡ್ಡ ಇಸ್ಯ ಬುಡು" ಅಂದ. ಸೋಮವಾರದಿಂದಲೇ ತಮ್ಮನಿಗೂ ಹಗಲು ಪಾಳಿಯಾಯಿತು. ನಾನು ಎರಡು ದಿನ ಹಿಗ್ಗಿಕೊಂಡು ಓಡಾಡಿದೆ.

ಮೂರನೇ ದಿನ ಅಣ್ಣ ನಲ್ಲಿ ಹತ್ತಿರ ಕಾದು ನಿಂತಿದ್ದ. ಊಟ ಆಯ್ತಾ ಎಂದು ಕೇಳಲಿಲ್ಲ. "ಅಕ್ಕಾ, ಮೊದಲು ಇತ್ತು, ಹಾಗೆ ಮಾಡಿ" ಅಂದ. ನನಗೆ ಅರ್ಥವಾಗಲಿಲ್ಲ. ಕೈಯಿಂದ ನೆಲದ ಮೇಲೆ ಚಾಪೆಯ ಅಗಲ ತೋರಿಸಿ, ಎರಡು ಬೆರಳು ಎತ್ತಿ, ಆಗಲ್ಲವೆಂದು ತಲೆ ಆಡಿಸಿದ. ಆಗ ಹೊಳೆಯಿತು. ಇಬ್ಬರೂ ಒಟ್ಟಿಗೆ ದುಡಿಯಲು ಹೋದರೆ ಇಬ್ಬರೂ ಒಟ್ಟಿಗೆ ಮಲಗಲು ಬರುತ್ತಾರೆ. ಜಾಗ ಒಂದೇ. ಹಗಲಿಗೆ ತೆರವಾದ ಪಟ್ಟಿಗೆ ರೂಮಿನವರು ಆಗಲೇ ಬೇರೆಯವನನ್ನು ಸೇರಿಸಿಕೊಂಡಿದ್ದರು. ತಮ್ಮ ನಲ್ಲಿ ಕಟ್ಟೆಯ ಮೇಲೆ ಮಲಗುತ್ತಿದ್ದ.

ಚಿಕ್ಕಪ್ಪನ ಹತ್ತಿರ ಓಡಿದೆ. "ಬೇಕು ಅಂದಾಗ ಹಾಕು, ಬ್ಯಾಡ ಅಂದಾಗ ತೆಗಿ ಅಂದ್ರೆ ಕಂಪ್ನಿ ಏನ್ ನಮ್ಮಪ್ಪುಂದಾ? ರಾತ್ರಿ ಪಾಳಿಗೆ ಬ್ಯಾರೆಯೋನು ಬಂದಾಯ್ತು ಕಣವ್ವ" ಅಂದ. ಉಳಿದ ಐದು ರೂಮೂ ತುಂಬಿದ್ದವು. ಅಪ್ಪನಿಗೆ ನಲ್ಲಿ ಕಟ್ಟೆ ವಿಷಯ ಗೊತ್ತಾಗಿ, "ಇವತ್ತು ಇವನು, ನಾಳೀಕೆ ಎಲ್ಲಾರೂ ಬಂದು ಅಂಗ್ಳದಲ್ಲೇ ಮನಿಕತ್ತಾರೆ" ಎಂದು ಗದರಿದ. ನಮ್ಮ ನಡುಮನೆ ರಾತ್ರಿಯೆಲ್ಲ ಖಾಲಿ ಬಿದ್ದಿರುತ್ತಿತ್ತು. ಚಿಕ್ಕಪ್ಪನಿಗೆ ಹೇಳಲು ಅಷ್ಟು ಸಲೀಸಾಗಿ ಬಾಯಿ ಬಂದ ನನಗೆ, ಅಲ್ಲೊಂದು ಚಾಪೆ ಜಾಗ ಕೊಡು ಎಂದು ಅಪ್ಪನನ್ನು ಕೇಳಲು ಬಾಯಿ ಬರಲಿಲ್ಲ. ಅದು ನನ್ನ ತಲೆಗೇ ಬರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಬಂದಿತ್ತು.

ವಾರ ಕಳೆಯುವುದರೊಳಗೆ ತಮ್ಮ ಪೈಪು ಹೂಳುವ ಗ್ಯಾಂಗಿನ ಜೊತೆ ಹೊರಟುಹೋದ. ಎಲ್ಲಿಗೆಂದು ಸರಿಯಾಗಿ ಅವನಿಗೂ ಗೊತ್ತಿರಲಿಲ್ಲ, ಕೆಲಸ ಎಲ್ಲಿದೆಯೋ ಅಲ್ಲಿಗೆ. ಆಗಿನ್ನೂ ಕೂಲಿಯವರ ಕೈಗೆ ಮೊಬೈಲು ಬಂದಿರಲಿಲ್ಲ. ಅಣ್ಣ ಆಮೇಲೂ ಅಡುಗೆಯನ್ನು ಇಬ್ಬರಿಗಾಗುವಷ್ಟೇ ಮಾಡುತ್ತಿದ್ದನಂತೆ. ಉಳಿದದ್ದನ್ನು ನಮ್ಮ ನಾಯಿಗೆ ಹಾಕುವುದನ್ನು ನಾನೇ ನೋಡಿದ್ದೇನೆ. ನನ್ನ ಮೇಲೆ ಒಂದು ದಿನವೂ ಮುನಿಸು ತೋರಲಿಲ್ಲ, ಎದುರಾದರೆ ಸುಮ್ಮನೆ ನಕ್ಕು ದಾರಿ ಬಿಡುತ್ತಿದ್ದ.

ಮೂರು ನಾಲ್ಕು ತಿಂಗಳಿಗೆ ಫ್ಯಾಕ್ಟರಿಯಲ್ಲಿ ಕೆಲಸ ಕಮ್ಮಿಯಾಗಿ, ಚಿಕ್ಕಪ್ಪ ಅರ್ಧ ಜನರನ್ನು ಬೇರೊಬ್ಬ ಕಂಟ್ರಾಕ್ಟರಿಗೆ ಒಪ್ಪಿಸಿದ. ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅಣ್ಣನೂ ಸೇರಿ ಅವರನ್ನೆಲ್ಲ ಲಾರಿ ಹತ್ತಿಸಿ ಕಳಿಸಿಯಾಗಿತ್ತು. "ಮೂರ್ನೇ ರೂಮ್ನೋನು ನಿನ್ನ ಕೇಳ್ಕಂಡು ಬಂದಿದ್ದ. ಏನೋ ಹೇಳಕ್ಕೆ ನಿಂತ್ಕಂಡ, ಅಡ್ವಾನ್ಸ್ ವಾಪಸ್ ಕೇಳಕ್ಕೆ ಅನ್ಕಂಡು, ಅವಳಿಲ್ಲ ಹೋಗು ಅಂದೆ" ಎಂದ ಅಪ್ಪ.

ಮುಂದಿನ ಬೇಸಿಗೆಯಲ್ಲಿ ತಮ್ಮ ಬಂದ. ಮಧ್ಯಾಹ್ನದ ಹೊತ್ತು, ಮೂರನೇ ರೂಮಿನಲ್ಲಿ ರಾತ್ರಿ ಪಾಳಿಯವರು ಮಲಗಿದ್ದರು. ಬಾಗಿಲಲ್ಲಿ ಇಣುಕಿ ನೋಡಿ, ಅವರಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ ನಮ್ಮ ಮನೆಗೆ ಬಂದು, ಗ್ಯಾಂಗಿನಲ್ಲಿ ಕಲಿತ ಕನ್ನಡದಲ್ಲಿ ಅಣ್ಣ ಎಲ್ಲಿ ಎಂದು ಕೇಳಿದ. ಮೇಕೆದಾಟಿನ ಕಡೆ ಕೆಲಸ ಸಿಕ್ಕಿದೆಯಂತೆ, ಇರಲು ಶೆಡ್ಡು ಕೊಟ್ಟಿದ್ದಾರಂತೆ, ಇಬ್ಬರು ಕಾಲು ಚಾಚಿ ಮಲಗಬಹುದಂತೆ. ಚಿಕ್ಕಪ್ಪನ ಹತ್ತಿರವೇ ಕಳಿಸಿದೆ. ಆಂಧ್ರದ ಕಡೆ ಅನ್ನುವುದು ಬಿಟ್ಟರೆ ಅವನಿಗೂ ಗೊತ್ತಿರಲಿಲ್ಲ. ತಮ್ಮ ವಾಪಸ್ ಬಂದು ನಿಂತು, "ನನಗೆ ಏನಾದ್ರೂ ಹೇಳಿದಾನಾ?" ಅಂದ.

"ಹೇಳಿದಾನೆ. ಚೆನ್ನಾಗಿರು ಅಂತ ಹೇಳಿದಾನೆ" ಅಂದುಬಿಟ್ಟೆ.

ಅವನು ತಲೆಯಾಡಿಸಿ ಬಸ್ ಸ್ಟಾಪಿನ ಕಡೆ ನಡೆದ.

ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಲಾರಿ ಹತ್ತುವ ದಿನ ಅಣ್ಣ ಏನು ಹೇಳಲು ನಿಂತಿದ್ದ ಎಂದು ಈಗ ಯಾರನ್ನೂ ಕೇಳುವಂತಿಲ್ಲ. ಕೇಳಬೇಕಾಗಿಯೂ ಇಲ್ಲ. ತಮ್ಮ ಹುಡುಕಿಕೊಂಡು ಬಂದರೆ ಹೇಳಿ ಎಂದು, ಹೋಗುವ ಊರಿನ ಹೆಸರನ್ನು ಗಟ್ಟಿಮಾಡಿಕೊಂಡು ಬಂದಿರುತ್ತಾನೆ. ಆ ಹೆಸರಿನ ಬದಲು ನಾನು ಅವನ ತಮ್ಮನಿಗೆ ಒಂದು ಸುಳ್ಳು ಕೊಟ್ಟು ಕಳಿಸಿದೆ.