ಯಾರೂ ಹೋಗಿ ನೋಡದ ಊರಿನ ನಕ್ಷೆ

ಜೂನ್ ತಿಂಗಳಲ್ಲಿ, ಒಮಾನಿನ ಸೀಬ್ ಪಟ್ಟಣದಲ್ಲಿ, ಕಾರಿನ ಬಾಗಿಲಿನ ಹಿಡಿಯೇ ಹಪ್ಪಳ ಸುಡುವಷ್ಟು ಕಾದಿರುವ ಮಧ್ಯಾಹ್ನಗಳಲ್ಲಿ, ನಾನು ಸ್ವೆಟರ್ ಹಾಕಿಕೊಂಡು ಕೆಲಸ ಮಾಡುತ್ತೇನೆ. ನಗಬೇಡಿ. ನಮ್ಮ ಆಫೀಸಿನ ಏಸಿ ನೇರವಾಗಿ ನನ್ನ ನೆತ್ತಿಗೇ ಗುರಿಯಿಟ್ಟಿದೆ. ಅದರ ರಿಮೋಟು ಮ್ಯಾನೇಜರ್ ಪ್ರಭಾಕರ್ ಸರ್ ಅವರ ಡ್ರಾಯರಿನಲ್ಲಿ ಚಿರಸಮಾಧಿಯಲ್ಲಿದೆ. ಹೊರಗೆ ಕುಲುಮೆ, ಒಳಗೆ ಹಿಮಾಲಯ. ಹೀಗಾಗಿ ದಕ್ಷಿಣ ಧ್ರುವದ ನಕ್ಷೆ ಬಿಡಿಸುವ ಕೆಲಸ ನಮ್ಮ ಪಾಲಿಗೆ ಬಂದಾಗ, ಇಡೀ ಒಮಾನಿನಲ್ಲಿ ಅದಕ್ಕೆ ದೈಹಿಕವಾಗಿ ಸಿದ್ಧನಾಗಿದ್ದ ಏಕೈಕ ಉಡುಪಿಯವನು ನಾನೇ ಎಂದು ಧೈರ್ಯವಾಗಿ ಹೇಳಬಲ್ಲೆ.

ನಮ್ಮದು ನಕ್ಷೆಯ ಕಂಪನಿ. ಉಪಗ್ರಹ ತೆಗೆದ ಚಿತ್ರದ ಮೇಲೆ ರಸ್ತೆ, ಖರ್ಜೂರದ ತೋಟ, ಒಣಹೊಳೆಗಳ ಗೆರೆ ಎಳೆಯುವುದು ನಮ್ಮ ನಿತ್ಯಕರ್ಮ. ಈ ವರ್ಷ ಯಾರದೋ ಗುತ್ತಿಗೆಯ ಉಪಗುತ್ತಿಗೆಯ ಮರಿಗುತ್ತಿಗೆಯಾಗಿ, ಧ್ರುವದ ಒಂದು ಪರ್ಯಾಯ ದ್ವೀಪದ ಅಂಚು ನಮ್ಮ ಮಡಿಲಿಗೆ ಬಿತ್ತು. ಆ ಖಂಡದ ಬಗ್ಗೆ ನನಗಿದ್ದ ಪೂರ್ವಜ್ಞಾನವೆಂದರೆ ಶಾಲೆಯ ಗೋಡೆಯ ಭೂಪಟ: ಅದರ ಬುಡಕ್ಕೆ ಮರದ ಕೋಲು ಹೊಡೆದಿದ್ದರು, ಮೊಳೆಗಳೆಲ್ಲ ಆ ಬಿಳಿ ಪಟ್ಟಿಯ ಮೇಲೆಯೇ ಇದ್ದವು. ಒಂದು ಖಂಡವನ್ನು, ಭೂಪಟಕ್ಕೆ ಕಟ್ಟು ಹಾಕಲು ಬಿಟ್ಟ ಅಂಚು ಎಂದೇ ನಾವು ತಿಳಿದಿದ್ದೆವು.

ನೀವೂ ಒಮ್ಮೆ ನನ್ನ ಕುರ್ಚಿಯಲ್ಲಿ ಕುಳಿತು ನೋಡಿ. ನೆಲದ ಮೇಲಿನ ಹಿಮ ಬಿಳಿ. ಅದು ಜಾರಿ ಬಂದು ಸಮುದ್ರದ ಮೇಲೆ ತೇಲುವ ಹಾಸು ಬಿಳಿ. ಹೆಪ್ಪುಗಟ್ಟಿದ ಸಮುದ್ರವೂ ಬಿಳಿ. ಇವೆಲ್ಲದರ ಮೇಲೆ ಮೋಡ ಬಂದು ಕುಳಿತರೆ ಅದೂ ಬಿಳಿ. ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ಕೇಳಿದರೆ ಆ ಪರ್ಯಾಯ ದ್ವೀಪ ಮೌನವ್ರತ ಹಿಡಿಯುತ್ತದೆ. ಹೋದ ವರ್ಷ ಇದ್ದ ಅಂಚು ಈ ವರ್ಷ ಒಡೆದು ತೇಲಿಹೋಗಿರುತ್ತದೆ. ಆದ್ದರಿಂದ ಈ ವೃತ್ತಿಯಲ್ಲಿ ಒಂದು ಮರ್ಯಾದೆಯ ಪದ್ಧತಿಯಿದೆ: ಕಂಡದ್ದಕ್ಕೆ ಇಡೀ ಗೆರೆ, ಕಾಣದ್ದಕ್ಕೆ ತುಂಡುಗೆರೆ. ಬಿಟ್ಟು ಬಿಟ್ಟು ಎಳೆದ ಆ ಗೆರೆಯ ಅರ್ಥ ಇಷ್ಟೇ: ‘ಇಲ್ಲೆಲ್ಲೋ ಇರಬಹುದು, ನನಗೆ ಗೊತ್ತಿಲ್ಲ.’

ನನ್ನ ಪಕ್ಕದ ಕುರ್ಚಿ ಮಂಗಳೂರಿನ ಲವೀನಾಕ್ಕನದು. ಮೋಡ ಮುಚ್ಚಿದ ಒಂದು ಕೊಲ್ಲಿಗಾಗಿ ಅವರು ವಾರಗಟ್ಟಲೆ ಬೇರೆಬೇರೆ ಚಿತ್ರಗಳನ್ನು ಜಾಲಾಡಿ, ಕಣ್ಣು ಕೆಂಪು ಮಾಡಿಕೊಂಡು, ಕೊನೆಗೆ ನಿಟ್ಟುಸಿರಿಟ್ಟು ತುಂಡುಗೆರೆ ಹಾಕಿದರು. ಗುರುವಾರ, ಎಂದರೆ ಇಲ್ಲಿನ ಕೆಲಸದ ವಾರದ ಕೊನೆಯ ದಿನ, ಸಂಜೆಯೊಳಗೆ ನಕ್ಷೆಯ ಹಾಳೆ ಕಳಿಸಬೇಕಿತ್ತು. ಪ್ರಭಾಕರ್ ಸರ್ ಅದಕ್ಕೆ ಗೆರೆ, ಬಣ್ಣಗಳನ್ನು ತಾನೇ ತುಂಬುವ ನಮ್ಮ ಕಂಪನಿಯ ಮಾಮೂಲಿ ಟೆಂಪ್ಲೇಟ್ ಹಚ್ಚಿದರು. ಆ ಟೆಂಪ್ಲೇಟ್ ಒಮಾನಿನ ಅನ್ನ ಉಂಡು ಬೆಳೆದದ್ದು. ಅದರ ಪ್ರಕಾರ ತುಂಡುಗೆರೆಯೆಂದರೆ ವಾದಿ, ಮಳೆ ಬಂದಾಗ ಮಾತ್ರ ಹರಿಯುವ ಒಣಹೊಳೆ. ಒಂದೇ ಕ್ಲಿಕ್ಕಿಗೆ ದಕ್ಷಿಣ ಧ್ರುವದ ಕೊಲ್ಲಿಯ ಸುತ್ತ ನೀಲಿ ಬಣ್ಣದ ಒಣಹೊಳೆಯೊಂದು, ದಂಡೆಯ ಮರಳಿನ ಚುಕ್ಕೆಗಳ ಸಮೇತ ಅವತರಿಸಿತು.

ಅಲ್ಲಿಯವರೆಗೆ ಎಲ್ಲವೂ ಆನಂದವೇ. ನಾನು ಎದ್ದು ನಿಂತು, ಮಳೆಗಾಲದ ಪೊಲೀಸನಾಗಿ, ಪೆಂಗ್ವಿನ್ನುಗಳ ಕಾರು ತಡೆದು, ‘ಯಲ್ಲಾ, ಯಲ್ಲಾ, ವಾದಿ ಬಂದಿದೆ, ಹಿಂದಕ್ಕೆ ಹೋಗಿ’ ಎಂದು ಕೈಬೀಸಿದೆ. ಆಮೇಲೆ ಪೆಂಗ್ವಿನ್ ಆಗಿ, ಕಿಟಕಿಯಿಂದ ಕತ್ತು ಹಾಕಿ, ನಮ್ಮ ಸರ್ ನಡೆಯುವ ಹಾಗೆಯೇ ನಡೆದು ತೋರಿಸಿದೆ. ಆ ನಡಿಗೆಗೆ ಹೆಚ್ಚಿನ ಅಭಿನಯವೇನೂ ಬೇಕಾಗಲಿಲ್ಲ. ಲವೀನಾಕ್ಕ ನಕ್ಕು ನಕ್ಕು ಮೇಜು ಹಿಡಿದುಕೊಂಡರು. ಬಾಗಿಲಲ್ಲಿ ಸರ್ ನಿಂತಿದ್ದರು.

“ನಾಟ್ಕ ಮುಗೀತೇನಪ್ಪಾ ಪ್ರಸಾದಾ?” ಎಂದರು, ಅಪ್ಪಟ ಮೈಸೂರಿನ ಮೆದು ದನಿಯಲ್ಲಿ. “ತುಂಡುಗೆರೆ ಇದ್ರೆ ತಾನೆ ವಾದಿ ಆಗೋದು? ಇಡೀ ಗೆರೆ ಎಳೆದು ಖಲಾಸ್ ಮಾಡ್ರಯ್ಯಾ. ಬಿಟ್ಟು ಬಿಟ್ಟು ಎಳೆದ್ರೆ ಅರ್ಧ ಕೆಲಸ ಮಾಡಿ ಕಳಿಸಿದ ಹಾಗಿರುತ್ತೆ.”

“ಅಲ್ಲಿ ಎಂತ ಉಂಟಂತ ನಮಗೆ ಗೊತ್ತಿಲ್ಲ ಸರ್,” ಎಂದರು ಲವೀನಾಕ್ಕ.

“ಗೊತ್ತಿಲ್ದಿದ್ರೆ ಏನಾಯ್ತಮ್ಮಾ? ಅಲ್ಲಿಗ್ ಯಾರು ಹೋಗಿ ನೋಡ್ತಾರೆ?”

ನನಗೆ ಸಿಟ್ಟು ಬಂದದ್ದು ಈ ಮಾತಿಗೆ. ವಾಚಕ ಮಹಾಶಯರೇ, ಇಂದಿಗೂ ಅದು ಇಳಿದಿಲ್ಲ. ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ. ಲೋಕದ ಸಕಲ ಕಳಪೆಯ ಕುಲದೇವತೆ ಈ ಒಂದು ವಾಕ್ಯ. ಮೇಜಿನಡಿ ಗುಡಿಸದವನ ಮಂತ್ರ ಇದು. ಹಿಂಬದಿಯ ಗೋಡೆಗೆ ಸುಣ್ಣ ಬಳಿಯದವನ ಮಂತ್ರವೂ ಇದೇ. ಇಲ್ಲೇ ಪಕ್ಕದ ಬರ್ಕಾ ಊರಿನ ತೋಟಗಳ ಹಿಂದೆ ಕೂಲಿಯವರು ಮಲಗುವ ಸಾಲುಕೋಣೆಗಳನ್ನು ಓಣಿಯಿಲ್ಲದ, ಬಾಗಿಲಿಲ್ಲದ ಒಂದು ಬೂದು ಚೌಕವಾಗಿ ತೋರಿಸಿ ನಾವೇ ಹಾಳೆ ಕಳಿಸಿದ್ದೇವೆ. ಅಂದೂ ಸರ್ ಹೀಗೇ ಹೇಳಿದ್ದರು. ಅಲ್ಲಿ ಜನರಿದ್ದರು, ಇಲ್ಲಿ ಹಿಮವಿದೆ, ಉಪೇಕ್ಷೆ ಮಾತ್ರ ಒಂದೇ ಅಳತೆಯದು. ಯಾರೂ ನೋಡುವುದಿಲ್ಲ ಎನ್ನುವವನು ತಾನೂ ನೋಡಿಲ್ಲವೆಂದೇ ಒಪ್ಪಿಕೊಳ್ಳುತ್ತಿರುತ್ತಾನೆ. ಆದರೂ ಎಂಥ ಗತ್ತು!

ಲವೀನಾಕ್ಕನ ಗಂಡ ಸೂರ್ ಎಂಬ ಬಂದರಿನಿಂದ ಹೊರಡುವ ಹಡಗಿನಲ್ಲಿ ಕೆಲಸಕ್ಕಿರುವವರು. ಅಕ್ಕ ಕುರ್ಚಿಯಿಂದ ಏಳದೆಯೇ ಹೇಳಿದರು: “ನಮ್ಮನೆಯವರು ಹಡಗಿನಲ್ಲಿರೋದು ಸರ್. ಗೆರೆ ಕಂಡರೆ ಅವರು ಅದನ್ನು ನಂಬಿಯೇ ಹೋಗುವುದು. ಯಾವತ್ತೋ ಒಂದು ದಿನ ಯಾರದೋ ಮನೆಯವರು ಆ ಕೊಲ್ಲಿಗೆ ಹೋಗ್ತಾರೆ. ನಾನು ಎಳೆಯುವುದಿಲ್ಲ.”

ಅದೇ ತಿಂಗಳು ಲವೀನಾಕ್ಕನ ವೀಸಾ ನವೀಕರಣಕ್ಕೆ ಇದೇ ಸರ್ ಒಂದು ಮಾತು ಹೇಳಬೇಕಿತ್ತು. ಅದು ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. ಸರ್ ನನ್ನತ್ತ ತಿರುಗಿದರು. “ನೀನು ಎಳಿಯಪ್ಪಾ.”

ನನ್ನ ಗಂಟಲಲ್ಲಿ ಸದಾ ನಾಲ್ಕಾರು ಜನ ಬಾಡಿಗೆಗಿರುತ್ತಾರೆ: ಪೊಲೀಸ, ಅರಬಾಬು ಎಂಬ ಅರಬ್ ಧಣಿ, ವಾರ್ತೆ ಓದುವವಳು, ಸ್ವತಃ ಸರ್. ಆ ಕ್ಷಣಕ್ಕೆ ಒಬ್ಬನೂ ಬಾಗಿಲು ತೆರೆಯಲಿಲ್ಲ. ಅವಮಾನಕರವಾಗಿ ಕೀರಲಾದ ನನ್ನ ಸ್ವಂತ ಧ್ವನಿಯಲ್ಲಿ, “ಆಗೂದಿಲ್ಲ ಸರ್. ಬೇಕಾದರೆ ನೀವೇ ಎಳೀರಿ” ಎಂದೆ.

ಅವರು ನಿಜವಾಗಿಯೂ ಕುಳಿತರು. ಮೌಸ್ ಹಿಡಿದರು, ಚಿತ್ರವನ್ನು ಹಿಗ್ಗಿಸಿದರು. ಬಿಳಿ. ಇನ್ನಷ್ಟು ಹಿಗ್ಗಿಸಿದರು. ಇನ್ನಷ್ಟು ಬಿಳಿ. ಎಡಕ್ಕೆ ಜರುಗಿದರು, ಬಲಕ್ಕೆ ಬಂದರು. ಬಾಣದ ಗುರುತು ಬೆಳ್ಳಗಿನ ಪರದೆಯಲ್ಲಿ ಮನೆ ತಪ್ಪಿದ ಇರುವೆಯಂತೆ ಸುತ್ತಿತು. ನಾನು ಅನುಕರಣೆಯ ಸಲುವಾಗಿ ವರ್ಷಗಟ್ಟಲೆ ಗಮನಿಸಿದ್ದ ಮುಖದಲ್ಲಿ ನಾನು ಕಂಡಿರದ ಒಂದು ಭಾವ ಮೂಡಿತು.

“ಎಲ್ಲಿಂದಮ್ಮಾ ಶುರು ಮಾಡೋದು?” ಎಂದರು.

“ಅದೇ ಗೊತ್ತಿಲ್ಲ ಅಂದದ್ದು ಸರ್.”

ಕಥೆ ಇಲ್ಲಿಗೆ ಹೃದಯಪರಿವರ್ತನೆಯಲ್ಲಿ ಮುಗಿದಿದ್ದರೆ ಲೋಕ ಎಷ್ಟು ಸುಂದರ! ಸರ್ ಮೌಸನ್ನು ಕುಕ್ಕಿ ಎದ್ದರು. ಟೆಂಪ್ಲೇಟ್ ತೆಗೆಸಿದರು, ತುಂಡುಗೆರೆ ತುಂಡಾಗಿಯೇ ಉಳಿಯಿತು. ಆಮೇಲೆ ಹಾಳೆಯ ಮೂಲೆಯಲ್ಲಿ, ರಚಿಸಿದವರ ಹೆಸರು ಬರೆಯುವ ಚೌಕದಲ್ಲಿ, ನಮ್ಮ ಕಂಪನಿ ಹುಟ್ಟಿದಂದಿನಿಂದ ಒಂಟಿಯಾಗಿ ರಾರಾಜಿಸಿದ್ದ ತಮ್ಮ ಹೆಸರನ್ನು ಅಳಿಸಿ, ಲವೀನಾಕ್ಕನ ಹೆಸರನ್ನೂ ನನ್ನದನ್ನೂ ಕುಟ್ಟಿದರು. “ನಾಳೆ ಗುತ್ತಿಗೆ ಕೊಟ್ಟವ್ರು ಕೇಳಿದ್ರೆ ನೀವೇ ಅನುಭವಿಸಿ,” ಎಂದು ಬಾಗಿಲು ಬಡಿದು ಹೋದರು.

ಕಂಪನಿಯ ಹಿಂದಿನ ಹಾಳೆಗಳಲ್ಲಿ ನಾನು ಬಲ್ಲವನಂತೆ ಎಳೆದ ಇಡೀ ಗೆರೆಗಳು ಎಷ್ಟೋ ಇವೆ, ಅವುಗಳಡಿ ನನ್ನ ಹೆಸರಿಲ್ಲ. ನನ್ನ ಹೆಸರು ಅಚ್ಚಾಗಿರುವುದು ನನಗೆ ಗೊತ್ತಿಲ್ಲವೆಂದು ಹೇಳಿದ ಆ ಒಂದು ಜಾಗದ ಕೆಳಗೆ ಮಾತ್ರ. ಲವೀನಾಕ್ಕ ಆಗಲೇ ಸೂರಿಗೆ ಫೋನು ಹಚ್ಚಿ, ಕೊಂಕಣಿಯಲ್ಲಿ ಗಂಡನಿಗೆ ಹಾಳೆಯ ಮೇಲೆ ತಮ್ಮ ಹೆಸರು ಬಂದದ್ದನ್ನೇ ಹೇಳಿಕೊಳ್ಳುತ್ತಿದ್ದರು. ಭಾಷೆ ನನಗೆ ಪೂರ್ತಿ ತಿಳಿಯದಿದ್ದರೂ, ಹೆಮ್ಮೆಗೆ ಅನುವಾದ ಬೇಕಾಗಲಿಲ್ಲ.